ಚಂದ್ರನ ಮೇಲೆ ತಿಂಗಳುಗಟ್ಟಲೆ ಇರೋರು ಸ್ಪೇಸ್‌ಸೂಟ್ ಎಲ್ಲಿಡಬೇಕು? ಧೂಳು ಒಳಗೆ ಬರದ ಹಾಗೆ ಹೇಗೆ?

ಬೆಳ್ದಿಂಗಳು_27

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತಲೇಲಿ ಕೂತುಬಿಟ್ಟಿದೆ, ಗೊತ್ತಿರೋರು ಬಿಡಿಸಿ ಹೇಳಿ.

ನಾಸಾದ ಅಪೊಲೊ ಯಾನಗಳಲ್ಲಿ ಹೋದವರು ಚಂದ್ರನ ಮೇಲೆ ಇದ್ದಿದ್ದು ಹೆಚ್ಚು ಅಂದ್ರೆ ಮೂರು ದಿನ. 1972ರ ಡಿಸೆಂಬರಲ್ಲಿ ಅಪೊಲೊ 17ರ ಜೀನ್ ಸರ್ನನ್ ಮತ್ತೆ ಹ್ಯಾರಿಸನ್ ಶ್ಮಿಟ್ ಮೂರು ಸಲ ಹೊರಗೆ ಹೋಗಿ ಒಟ್ಟು ಸುಮಾರು 22 ಗಂಟೆ ಕೆಲಸ ಮಾಡಿದ್ರು, ಅಷ್ಟಕ್ಕೇ ಸೂಟಿನ ಕೀಲುಗಳು ಬಿಗಿ, ಗ್ಲವ್ಸಿನ ಹೊರಪದರ ತೂತು, ಶ್ಮಿಟ್ ಅವರ ಹೆಲ್ಮೆಟ್ಟಿನ ವೈಸರ್ (ಮುಖದ ಮುಂದಿನ ಪರದೆ) ತುಂಬಾ ಗೀರು ಬಿದ್ದು ಕೆಲವು ದಿಕ್ಕಿಗೆ ತಿರುಗಿದ್ರೆ ಏನೂ ಸರಿಯಾಗಿ ಕಾಣ್ತಿರಲಿಲ್ಲ. ಮೂರು ದಿನಕ್ಕೇ ಈ ಗತಿ ಆದ್ರೆ ಆರು ತಿಂಗಳು ಅಲ್ಲೇ ಇದ್ದು ವಾರಕ್ಕೆ ಎರಡು ಮೂರು ಸಲ ಹೊರಗೆ ಹೋಗಿ ಬರೋರ ಸೂಟು ಏನಾಗಬೇಡ?

ಹುಡುಕಿದಾಗ ಸೂಟ್‌ಪೋರ್ಟ್ ಅಂತ ಒಂದು ಸಿಕ್ತು, ಸೂಟನ್ನ ಮನೆಯ ಹೊರಗೋಡೆಗೇ ತಗಲಿಸಿಟ್ಟು ಬೆನ್ನ ಕಡೆ ಬಾಗಿಲಿಂದ ಒಳಗೆ ತೂರಿಕೊಳ್ಳೋದು, ಸೂಟು ಒಳಗೆ ಬರೋದೇ ಇಲ್ಲ ಹಾಗಾಗಿ ಧೂಳೂ ಬರಲ್ಲ ಅಂತ. ಕೇಳೋಕೆ ಚೆನ್ನಾಗಿದೆ. ಆದ್ರೆ ಸೂಟು ಯಾವಾಗ್ಲೂ ಹೊರಗೇ ಇದ್ರೆ ಅದನ್ನ ರಿಪೇರಿ ಮಾಡೋದು ಹೇಗೆ, ಸೀಲು ಬದಲಾಯಿಸೋದು ಹೇಗೆ? ರಿಪೇರಿಗೆ ಅಂತ ಒಳಗೆ ತಂದ್ರೆ ಧೂಳೂ ಬಂತಲ್ಲ? ಇದಕ್ಕೆ ಯಾರಾದ್ರೂ ಸರಿಯಾಗಿ ಯೋಚನೆ ಮಾಡಿದಾರಾ?

ಕಲ್ಲುಮಣ್ಣು

ಒಳ್ಳೇ ಪ್ರಶ್ನೆ. ಮೊದಲು ಆ ಧೂಳು ಏನು ಅಂತ ಸರಿಯಾಗಿ ನೋಡಿದ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗತ್ತೆ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಭೂಮಿ ಮೇಲಿನ ಮರಳಿನ ಕಣ ಗಾಳಿ ನೀರಲ್ಲಿ ಉರುಳಿ ಉರುಳಿ ಅಂಚು ಸವೆದು ದುಂಡಗಾಗಿರತ್ತೆ. ಚಂದ್ರನಲ್ಲಿ ಗಾಳಿನೂ ಇಲ್ಲ ನೀರೂ ಇಲ್ಲ. ಸಣ್ಣ ಸಣ್ಣ ಉಲ್ಕೆಗಳು ಕೋಟ್ಯಂತರ ವರ್ಷ ಬಡಿದು ಬಡಿದು ಬಂಡೆ ಪುಡಿ ಆಗಿದೆ, ಪ್ರತಿ ಹೊಡೆತಕ್ಕೂ ಸ್ವಲ್ಪ ಕರಗಿ ಗಾಜಾಗಿ ಅಕ್ಕಪಕ್ಕದ ಚೂರುಗಳನ್ನ ಅಂಟಿಸಿಕೊಂಡು ಹೆಪ್ಪುಗಟ್ಟಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಮುರಿದ ಗಾಜಿನ ಕೊಕ್ಕೆಗಳ ಥರ ಕಾಣತ್ತೆ. ಇದು ಬಟ್ಟೆ ಮೇಲೆ ಸುಮ್ನೆ ಕೂರಲ್ಲ, ನೇಯ್ಗೆ ಒಳಗೆ ಹೊಕ್ಕು ಕಚ್ಚಿಕೊಳ್ಳತ್ತೆ, ಆಮೇಲೆ ಪ್ರತಿ ಸಲ ಮೊಣಕಾಲು ಮಡಿಸಿದಾಗ್ಲೂ ಎಳೆಗಳನ್ನ ಒಳಗಿಂದ್ಲೇ ಕುಯ್ಯತ್ತೆ. ತೂಕದ ಲೆಕ್ಕದಲ್ಲಿ ಮಣ್ಣಿನ ಐದನೇ ಒಂದು ಭಾಗದಷ್ಟು 20 ಮೈಕ್ರಾನಿಗಿಂತ ಸಣ್ಣದು, ನಮ್ಮ ಕೂದಲು ಅದರ ಮೂರು ನಾಲ್ಕು ಪಟ್ಟು ದಪ್ಪ ಇರತ್ತೆ.

ಎರಡನೇದು ವಿದ್ಯುದಂಶ. ಹಗಲು ಹೊತ್ತು ಸೂರ್ಯನ ಅಲ್ಟ್ರಾವಯಲೆಟ್ ಕಿರಣ ಬಿದ್ದು ಕಣಗಳಿಂದ ಎಲೆಕ್ಟ್ರಾನ್ ಕಿತ್ತು ಹೋಗತ್ತೆ, ಕಣ ಧನ ಆಗತ್ತೆ. ರಾತ್ರಿ ಕಡೆ ಸೌರಮಾರುತದ ಎಲೆಕ್ಟ್ರಾನ್ ಬಂದು ಕೂತು ಋಣ ಆಗತ್ತೆ. ಅಲ್ಲಿ ಗಾಳಿ, ತೇವಾಂಶ ಎರಡೂ ಇಲ್ವಲ್ಲ, ಹಾಗಾಗಿ ಆ ಚಾರ್ಜು ಹರಿದು ಹೋಗಕ್ಕೆ ದಾರಿ ಇಲ್ಲ, ಸೂಟಿಗೆ ಅಂಟಿಕೊಂಡೇ ಇರತ್ತೆ. ಅಪೊಲೊ ಕಾಲದಲ್ಲಿ ಬ್ರಯಾನ್ ಓಬ್ರಿಯನ್ ಅಂತ ಆಸ್ಟ್ರೇಲಿಯಾದ ಭೌತವಿಜ್ಞಾನಿ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಿಟೆಕ್ಟರ್ ಮಾಡಿ ಚಂದ್ರನ ಮೇಲೆ ಇಡಿಸಿದ್ರು, ಅದರ ಅಂಕಿಗಳನ್ನ ದಶಕಗಳಾದ ಮೇಲೆ ಮತ್ತೆ ಕೂತು ನೋಡಿ ಅವರು ಹೇಳಿದ್ದು ಏನಪ್ಪಾ ಅಂದ್ರೆ, ಬಿಸಿಲು ಬೀಳೋ ಕೋನ ಬದಲಾದ ಹಾಗೆ ಧೂಳಿನ ಅಂಟೂ ಬದಲಾಗತ್ತೆ. ಅಂದ್ರೆ ಬಿಸಿಲಲ್ಲಿ ನಿಂತು ಸೂಟು ಉಜ್ಜೋದಕ್ಕೂ ನೆರಳಲ್ಲಿ ಉಜ್ಜೋದಕ್ಕೂ ವ್ಯತ್ಯಾಸ ಇರಬಹುದು. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ಮಾತು. ಮನೆ ಬಾಗಿಲ ಮುಂದೆ ಬರೀ ಒಂದು ಚಪ್ಪರ ಹಾಕಿ ಅದರ ಕೆಳಗೆ ಸೂಟು ಕ್ಲೀನ್ ಮಾಡೋದರಿಂದ್ಲೇ ಎಷ್ಟು ಲಾಭ ಅಂತ ಯಾರಾದ್ರೂ ಅಲ್ಲೇ ಹೋಗಿ ಅಳೀಬೇಕು.

ಒತ್ತಡ_ಮಾಪಕ

ಮೇಲಿನವರು ಧೂಳಿನ ಬಗ್ಗೆ ಚೆನ್ನಾಗಿ ಹೇಳಿದ್ರು. ನಾನು ಸೂಟಿನ ಕಡೆಯಿಂದ ಹೇಳ್ತೀನಿ.

ಧೂಳು ಅಂದ ತಕ್ಷಣ ಎಲ್ಲರೂ ಬಟ್ಟೆ ಹರಿಯೋದನ್ನ ಯೋಚಿಸ್ತಾರೆ, ಆದ್ರೆ ಮೊದಲು ಕೈ ಕೊಡೋದು ಸೀಲು. ಅಪೊಲೊ 12ರಲ್ಲಿ ಕಮಾಂಡರ್ ಪೀಟ್ ಕಾನ್ರಾಡ್ ಅವರ ಸೂಟಿಂದ ಗಾಳಿ ಎಷ್ಟು ಸೋರತ್ತೆ ಅಂತ ಅಳೆದಿದ್ರು: ಮೊದಲ ನಡಿಗೆ ಆದ್ಮೇಲೆ ನಿಮಿಷಕ್ಕೆ 0.15 ಪಿಎಸ್‌ಐ (ಒತ್ತಡದ ಅಳತೆ), ಎರಡನೇದು ಆದ್ಮೇಲೆ 0.25. ಸುರಕ್ಷತೆಯ ಮಿತಿ 0.30. ಈ ಮೂರು ಅಂಕಿ ನೋಡಿ ಒಂದು ನಿಮಿಷ ಕೂತು ಯೋಚನೆ ಮಾಡಿ. ಮೂರನೇ ಸಲ ಹೊರಗೆ ಹೋಗೋದು ಅವರ ಪ್ಲಾನಲ್ಲಿ ಇರಲಿಲ್ಲ, ಇದ್ದಿದ್ರೆ ಆ ಸೂಟು ಹಾಕ್ಕೊಂಡು ಹೋಗೋ ಹಾಗಿತ್ತಾ ಅನ್ನೋದೇ ಅನುಮಾನ. ಕಲ್ಲಿನ ಸ್ಯಾಂಪಲ್ ತುಂಬಿದ ಪೆಟ್ಟಿಗೆಗಳ ಸೀಲೂ ಧೂಳು ಸಿಕ್ಕಿಕೊಂಡು ನಿಲ್ಲಲಿಲ್ಲ, ಕೆಲವು ಪೆಟ್ಟಿಗೆ ಭೂಮಿಗೆ ಬರೋ ಹೊತ್ತಿಗೆ ಒಳಗೆ ಗಾಳಿ ಸೇರಿತ್ತು.

ಹೊಸ ಸೂಟುಗಳಲ್ಲಿ ಇದು ಇನ್ನೂ ಕಷ್ಟ, ಯಾಕಂದ್ರೆ ಅಪೊಲೊ ಸೂಟಲ್ಲಿ ಸರಿಯಾಗಿ ಬಗ್ಗಕ್ಕೂ ಆಗ್ತಿರಲಿಲ್ಲ, ಬಿದ್ದ ವಸ್ತು ಎತ್ತಕ್ಕೆ ಉದ್ದ ಚಿಮಟ ಬೇಕಿತ್ತು. ಈಗಿನವು ಸೊಂಟ, ತೊಡೆ, ಭುಜಕ್ಕೆಲ್ಲ ಬೇರಿಂಗ್ ಇಟ್ಟು ಆರಾಮಾಗಿ ನಡೆಯೋ ಹಾಗೆ ಮಾಡಿದಾರೆ. ಆದ್ರೆ ಒಂದೊಂದು ಬೇರಿಂಗೂ ಧೂಳಿಗೆ ಒಂದೊಂದು ಬಾಗಿಲು.

ಸೂಟ್‌ಪೋರ್ಟ್ ವಿಷಯಕ್ಕೆ ಬರ್ತೀನಿ. ಬೆನ್ನಿಂದ ಒಳಗೆ ಹೋಗೋದು ಹೊಸದೇನಲ್ಲ, ರಷ್ಯಾದ ಓರ್ಲಾನ್ ಸೂಟು ಮೊದಲಿಂದ್ಲೂ ಹಾಗೇ, ಈಗ ಆಕ್ಸಿಯಂ ಕಂಪನಿ ನಾಸಾಗೆ ಮಾಡ್ತಿರೋದೂ ಬೆನ್ನು ಬಾಗಿಲಿನದೇ. ಅದನ್ನ ಗೋಡೆಗೆ ತಗಲಿಸಿದ್ರೆ ಸೂಟ್‌ಪೋರ್ಟ್. ಇನ್ನೊಂದು ಲಾಭ ಎಲ್ಲರೂ ಮರೀತಾರೆ, ಏರ್‌ಲಾಕ್ (ಹೊರಗೆ ಹೋಗೋ ಮುಂಚಿನ ಎರಡು ಬಾಗಿಲಿನ ಕೋಣೆ) ಅಂದ್ರೆ ಒಂದು ಇಡೀ ಕೋಣೆಯ ಗಾಳಿನ ಪ್ರತಿ ಸಲ ಪಂಪ್ ಮಾಡಿ ತೆಗೀಬೇಕು, ಎಷ್ಟೇ ಪಂಪ್ ಮಾಡಿದ್ರೂ ಸ್ವಲ್ಪ ಹೊರಗೆ ಹೋಗೇ ಹೋಗತ್ತೆ. ಸೂಟ್‌ಪೋರ್ಟಲ್ಲಿ ಎರಡು ಬಾಗಿಲ ನಡುವಿನ ಸಣ್ಣ ಜಾಗದ ಗಾಳಿ ಮಾತ್ರ.

ಆದ್ರೆ ತೊಂದರೆ ಇರೋದು ಒತ್ತಡದಲ್ಲಿ. ಬಾಹ್ಯಾಕಾಶ ನಿಲ್ದಾಣದ ಒಳಗೆ ನಮ್ಮ ಭೂಮಿಯ ಹಾಗೆ 14.7 ಪಿಎಸ್‌ಐ ಇದೆ, ಸೂಟಲ್ಲಿ ಬರೀ 4.3. ನೇರವಾಗಿ ಒಂದರಿಂದ ಇನ್ನೊಂದಕ್ಕೆ ಹೋದ್ರೆ ರಕ್ತದಲ್ಲಿರೋ ನೈಟ್ರೋಜನ್ ಗುಳ್ಳೆ ಕಟ್ಟತ್ತೆ, ಮುಳುಗುಗಾರರಿಗೆ ಆಗೋದೇ. ಅದಕ್ಕೆ ಗಂಟೆಗಟ್ಟಲೆ ಶುದ್ಧ ಆಕ್ಸಿಜನ್ ಉಸಿರಾಡಿ ತಯಾರಾಗ್ತಾರೆ. ಸೂಟ್‌ಪೋರ್ಟಲ್ಲಿ ಸೂಟಿನ ಒಳಗೂ ಮನೆ ಒಳಗೂ ಒಂದೇ ಒತ್ತಡ ಇದ್ರೇನೇ ಬಾಗಿಲು ತೆಗೆಯಕ್ಕೆ ಆಗೋದು. ಹಾಗಾಗಿ ಚಂದ್ರನ ಮನೆಗೆ 8.2 ಪಿಎಸ್‌ಐ ಇಟ್ಟು ಆಕ್ಸಿಜನ್ ಪ್ರಮಾಣನ 34 ಪರ್ಸೆಂಟಿಗೆ ಏರಿಸೋ ಯೋಚನೆ ನಾಸಾದವರದು, ಸೂಟೂ ಅಷ್ಟು ಒತ್ತಡ ತಡೀಬೇಕು. ಹೊರಗೆ ಹೋದ ಮೇಲೆ ನಿಧಾನಕ್ಕೆ ಇಳಿಸಿಕೊಂಡು ಕೆಲಸ ಮಾಡೋದು, ಇಲ್ದಿದ್ರೆ ಗ್ಲವ್ಸು ಗಾಳಿ ತುಂಬಿದ ಟ್ಯೂಬಿನ ಥರ ಆಗಿ ಬೆರಳು ಮಡಚೋದೇ ದೊಡ್ಡ ಕೆಲಸ ಆಗತ್ತೆ. ಆಕ್ಸಿಜನ್ ಜಾಸ್ತಿ ಇಟ್ರೆ ಬೆಂಕಿ ಭಯನೂ ಜಾಸ್ತಿ, ಮನೆ ಒಳಗಿನ ಪ್ರತಿ ಬಟ್ಟೆ, ಪ್ರತಿ ವೈರು ಅದಕ್ಕೆ ತಕ್ಕ ಹಾಗೆ ಆರಿಸಬೇಕು.

ರಿಪೇರಿ ಬಗ್ಗೆ ಕೇಳಿದ್ರಲ್ಲ, ಅದಕ್ಕೆ ಸೂಟ್‌ಲಾಕ್ ಅಂತ ಇನ್ನೊಂದು ವಿನ್ಯಾಸ ಇದೆ. ಆಮೇಲೆ ಬರೀತೀನಿ, ಈಗ ಡ್ಯೂಟಿಗೆ ಹೊರಟೆ.

ಶಾಪ್‌ಫ್ಲೋರ್_ಸೇಫ್ಟಿ

ನಾನು ಬಾಹ್ಯಾಕಾಶದವನಲ್ಲ, ಕಲ್ಲು ಕತ್ತರಿಸೋ ಕಾರ್ಖಾನೆಗಳಲ್ಲಿ ಕಾರ್ಮಿಕರ ಆರೋಗ್ಯ ನೋಡ್ಕೊಳ್ಳೋ ಕೆಲಸ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಏನು ಮಾಡತ್ತೆ ಅಂತ ದಿನಾ ನೋಡ್ತೀನಿ, ಅದಕ್ಕೇ ಈ ಚರ್ಚೆ ಓದಿ ಸುಮ್ನಿರಕ್ಕೆ ಆಗಲಿಲ್ಲ.

ಶ್ಮಿಟ್ ಅವರಿಗೆ ಮೊದಲ ನಡಿಗೆ ಮುಗಿಸಿ ಹೆಲ್ಮೆಟ್ ತೆಗೆದ ಮೇಲೆ ಮೂಗು ಕಟ್ಟಿ ಶೀತ ಆದ ಹಾಗಾಯ್ತು, ಅವರೇ ಅದನ್ನ ಚಂದ್ರನ ಹೇ ಫೀವರ್ (ಹೂವಿನ ಪರಾಗಕ್ಕೆ ಆಗೋ ಅಲರ್ಜಿ ಥರದ್ದು) ಅಂತ ಕರೆದ್ರು. ಕೆಲವು ಗಂಟೇಲಿ ಕಮ್ಮಿ ಆಯ್ತು. ಹೋದವರಲ್ಲಿ ಹಲವರು ಹೇಳಿರೋ ಇನ್ನೊಂದು ಮಾತು, ಕ್ಯಾಬಿನ್ ಒಳಗೆ ಸುಟ್ಟ ಸಿಡಿಮದ್ದಿನ ವಾಸನೆ. ಮೂಗಿಗೆ ವಾಸನೆ ಬಂತು ಅಂದ್ರೆ ಧೂಳಿನ ಜೊತೆ ಇವರ ಸಂಪರ್ಕ ಆಗಿಹೋಯ್ತು ಅಂತಾನೇ ಅರ್ಥ. ಮೂರು ದಿನಕ್ಕೆ ಅದು ಶೀತ, ಆರು ತಿಂಗಳಿಗೆ ಅದು ಬೇರೆ ಕಥೆ. ನಾಸಾ ಅಪೊಲೊ 14 ತಂದ ಧೂಳನ್ನ ಇಲಿಗಳಿಗೆ ಉಸಿರಾಡಿಸಿ ಪರೀಕ್ಷೆ ಮಾಡಿ ಒಂದು ಮಿತಿ ಇಟ್ಟಿದೆ, ಆರು ತಿಂಗಳವರೆಗಿನ ವಾಸಕ್ಕೆ ಒಂದು ಘನ ಮೀಟರ್ ಗಾಳೀಲಿ ಸರಾಸರಿ 0.3 ಮಿಲಿಗ್ರಾಂ. ಲೆಕ್ಕ ಹಾಕಿ, 50 ಘನ ಮೀಟರಿನ ಮನೆ ಅಂದ್ರೆ ಇಡೀ ಮನೆ ಗಾಳೀಲಿ ಒಟ್ಟು 15 ಮಿಲಿಗ್ರಾಂ. ಒಂದು ಚಿಟಿಕೆಯಷ್ಟೂ ಅಲ್ಲ ಅದು. ಸೂಟಿನ ಒಂದು ಮೊಣಕಾಲ ಮಡಿಕೇಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರತ್ತೆ.

ಇನ್ನೊಂದು ಲೆಕ್ಕ. 5 ಮೈಕ್ರಾನಿನ ಕಲ್ಲಿನ ಕಣ ಇಲ್ಲಿ ಅಲುಗಾಡದ ಗಾಳೀಲಿ ಎರಡು ಮೀಟರ್ ಎತ್ತರದಿಂದ ನೆಲಕ್ಕೆ ಬರಕ್ಕೆ ಸುಮಾರು 15 ನಿಮಿಷ ತಗೊಳ್ಳತ್ತೆ. ಚಂದ್ರನ ಗುರುತ್ವ ಆರನೇ ಒಂದು ಭಾಗ, ಹಾಗಾಗಿ ಅಲ್ಲಿ ಒಂದೂವರೆ ಗಂಟೆ. ಫ್ಯಾನು ತಿರುಗ್ತಾ ಜನ ಓಡಾಡ್ತಾ ಇದ್ರೆ ಕೆಳಗೆ ಕೂರೋದೇ ಇಲ್ಲ. ಅಷ್ಟೂ ಹೊತ್ತು ಅದು ಮೂಗಿನ ಎತ್ತರದಲ್ಲೇ ಇರತ್ತೆ, ಒಳಗೆ ಹೋದ ಮೇಲೂ ಕಮ್ಮಿ ಗುರುತ್ವದಿಂದಾಗಿ ಮೇಲುಗಡೆ ಸಿಕ್ಕಿಕೊಳ್ಳದೆ ಶ್ವಾಸಕೋಶದ ಇನ್ನೂ ಆಳಕ್ಕೆ ಇಳಿಯತ್ತೆ.

ನಮ್ಮ ಕೆಲಸದಲ್ಲಿ ಮೊದಲ ಪಾಠ ಏನು ಗೊತ್ತಾ, ಕೊಳೆ ಕಡೆ ಮತ್ತೆ ಶುಚಿ ಕಡೆ ಅಂತ ನೆಲದ ಮೇಲೆ ಗೆರೆ ಎಳೆಯೋದು. ಕೆಲಸದ ಬಟ್ಟೆ ಆ ಗೆರೆ ದಾಟಬಾರದು, ಎಷ್ಟೇ ಅವಸರ ಇದ್ರೂ ಸರಿ, ಮ್ಯಾನೇಜರ್ ಆದ್ರೂ ಸರಿ. ಈ ಗೆರೆನ ಬಾಹ್ಯಾಕಾಶದಲ್ಲಿ ಮೊದಲು ಎಳೆದಿದ್ದು ನನ್ನ ಪ್ರಕಾರ ಅಪೊಲೊ 12ರಲ್ಲಿ ಕೆಳಗೆ ಇಳಿಯದೆ ಚಂದ್ರನ ಕಕ್ಷೇಲೇ ಉಳಿದಿದ್ದ ಡಿಕ್ ಗಾರ್ಡನ್. ಕಾನ್ರಾಡ್, ಬೀನ್ ಇಬ್ಬರೂ ಚಂದ್ರನಿಂದ ಮೇಲೆ ಬಂದಾಗ ಮೈಯೆಲ್ಲ ಕರೀ ಧೂಳು, ನನ್ನ ಕ್ಯಾಬಿನ್ ಒಳಗೆ ಹೀಗೆ ಬರೋ ಹಾಗಿಲ್ಲ ಅಂತ ಗಾರ್ಡನ್ ಎಲ್ಲ ಬಿಚ್ಚಿಸಿ ಆಮೇಲೇ ಒಳಗೆ ಬಿಟ್ಟುಕೊಂಡ್ರು. ಜನ ಇದನ್ನ ತಮಾಷೆ ಕಥೆ ಅಂತ ಹೇಳ್ತಾರೆ, ನನಗೆ ಅದು ಅವತ್ತು ಆ ಮೂರು ಜನ ಮಾಡಿದ ಅತ್ಯಂತ ಸರಿಯಾದ ಕೆಲಸಗಳಲ್ಲಿ ಒಂದು.

ಮನೆ ಒಳಗೆ ಪೊರಕೆ ಹಿಡಿಯೋ ಹಾಗೇ ಇಲ್ಲ, ಒಣ ಧೂಳು ಗುಡಿಸಿದ್ರೆ ಮತ್ತೆ ಗಾಳಿಗೆ ಏಳತ್ತೆ. ಒದ್ದೆ ಬಟ್ಟೆ, ಅತಿ ಸಣ್ಣ ಕಣನೂ ಹಿಡಿಯೋ ಒಳ್ಳೇ ಹೆಪಾ ಫಿಲ್ಟರ್ ಇರೋ ವ್ಯಾಕ್ಯೂಮ್, ಅಷ್ಟೇ. ಮತ್ತೆ ಫಿಲ್ಟರ್ ಬದಲಾಯಿಸೋರಿಗೇ ಧೂಳು ಜಾಸ್ತಿ ತಗಲೋದು, ದಯವಿಟ್ಟು ಅದನ್ನ ಮರೀಬೇಡಿ.

ಬೆಳ್ದಿಂಗಳು_27

ಎಲ್ಲರಿಗೂ ತುಂಬಾ ಥ್ಯಾಂಕ್ಸ್, 15 ಮಿಲಿಗ್ರಾಂ ಲೆಕ್ಕ ನೋಡಿ ಗಾಬರಿ ಆಯ್ತು. ಹಾಗಾದ್ರೆ ಗೆರೆ ದಾಟೋ ಮುಂಚೆ ಸೂಟು ತೊಳೆಯೋದು ಹೇಗೆ? ಕರೆಂಟಲ್ಲಿ ಧೂಳು ಹಾರಿಸೋದು, ದ್ರವ ನೈಟ್ರೋಜನ್ ಸಿಂಪಡಿಸೋದು ಅಂತೆಲ್ಲ ಓದ್ದೆ. ಯಾವುದಾದ್ರೂ ನಿಜವಾಗ್ಲೂ ಚಂದ್ರನ ಮೇಲೆ ಕೆಲಸ ಮಾಡಿದೆಯಾ?

ರಾತ್ರಿಪಾಳಿ

ಹೌದು, ಒಂದಂತೂ ಅಲ್ಲಿ ಕೆಲಸ ಮಾಡಿದೆ. ನಾಸಾದ ಕೆನಡಿ ಕೇಂದ್ರದವರು ಮಾಡಿರೋ ಎಲೆಕ್ಟ್ರೋಡೈನಾಮಿಕ್ ಡಸ್ಟ್ ಶೀಲ್ಡ್. ಮೇಲ್ಮೈ ಒಳಗೆ ಸಣ್ಣ ಸಣ್ಣ ತಂತಿಗಳನ್ನ ಸಾಲಾಗಿ ಹುದುಗಿಸಿ ಸರದಿ ಪ್ರಕಾರ ಹೈ ವೋಲ್ಟೇಜ್ ಕೊಟ್ರೆ ಮೇಲೆ ವಿದ್ಯುತ್ ಕ್ಷೇತ್ರದ ಅಲೆ ಓಡತ್ತೆ, ಆ ಅಲೆ ಧೂಳನ್ನ ಅಂಚಿಗೆ ದೂಡಿಕೊಂಡು ಹೋಗಿ ಎಸೆಯತ್ತೆ. ಚಾರ್ಜ್ ಆಗಿರೋದೇ ಧೂಳಿನ ಕೆಟ್ಟ ಗುಣ ಅಂದ್ಕೊಂಡಿದ್ವಿ, ಅದನ್ನೇ ಹಿಡ್ಕೊಂಡು ಓಡಿಸೋದು. 2025ರ ಮಾರ್ಚ್ 2ರಂದು ಮಾರೆ ಕ್ರಿಸಿಯಂ ಅನ್ನೋ ಬಯಲಲ್ಲಿ ಇಳಿದ ಬ್ಲೂ ಗೋಸ್ಟ್ ಲ್ಯಾಂಡರ್ ಮೇಲೆ ಇದನ್ನ ಪರೀಕ್ಷೆ ಮಾಡಿದ್ರು, ಧೂಳು ಮುಚ್ಚಿದ್ದ ಗಾಜು ಕಣ್ಣಿಗೆ ಕಾಣೋ ಹಾಗೆ ಕ್ಲೀನ್ ಆಯ್ತು. ವೈಸರಿಗೆ, ಕ್ಯಾಮೆರಾಗೆ, ಸೋಲಾರ್ ಪ್ಯಾನೆಲ್ಲಿಗೆ, ಬಿಸಿ ಹೊರಹಾಕೋ ರೇಡಿಯೇಟರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಬಟ್ಟೆಗೆ ಕಾರ್ಬನ್ ನ್ಯಾನೋಟ್ಯೂಬ್ ದಾರ ನೇಯ್ದು ಇದೇ ಕೆಲಸ ಮಾಡ್ಸೋ ಪ್ರಯತ್ನನೂ ನಡೀತಿದೆ, ಆದ್ರೆ ಬಟ್ಟೆ ಮಡಿಕೆ ಬೀಳತ್ತೆ, ಉಜ್ಜತ್ತೆ, ಗಾಜಿನಷ್ಟು ಸುಲಭ ಅಲ್ಲ.

ದ್ರವ ನೈಟ್ರೋಜನ್ ಪ್ರಯೋಗ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರದು, ಬಾರ್ಬಿ ಗೊಂಬೆಗೆ ಸೂಟಿನ ಬಟ್ಟೆ ಹೊಲಿದು ಹಾಕಿ, ನಕಲಿ ಚಂದ್ರಧೂಳು ಬಳಿದು, ಮೇಲೆ ಸಿಂಪಡಿಸಿದ್ರು. 98 ಪರ್ಸೆಂಟಿಗಿಂತ ಜಾಸ್ತಿ ಹೋಯ್ತು, ಬ್ರಷ್ಷಿನಷ್ಟು ಬಟ್ಟೆ ಹಾಳೂ ಆಗಲ್ಲ. ಪ್ರಯೋಗ ಬಹಳ ಚೆನ್ನಾಗಿದೆ, ಆದ್ರೆ ಚಂದ್ರನಲ್ಲಿ ನೈಟ್ರೋಜನ್ ಇಲ್ಲ ಅನ್ನೋವಷ್ಟು ಕಮ್ಮಿ, ಭೂಮಿಯಿಂದ ಹೊತ್ತು ತರಬೇಕು, ಹೊರಗೆ ಸಿಂಪಡಿಸಿದ್ರೆ ಹೋದದ್ದು ಹೋಯ್ತು. ಮುಚ್ಚಿದ ಕೋಣೇಲಿ ಸಿಂಪಡಿಸಿ ಮತ್ತೆ ಹಿಡೀಬೇಕು, ಆಗ ಆ ಪಂಪಿನೊಳಗೆ ಧೂಳು.

ನಾನು ಹೇಳಕ್ಕೆ ಬಂದಿದ್ದು ಇದಕ್ಕಿಂತ ಮುಂಚಿನ ಮಾತು. ಧೂಳು ಸೂಟಿಗೆ ಹತ್ತಿದ ಮೇಲೆ ತೆಗೆಯೋದಕ್ಕಿಂತ ಏಳದ ಹಾಗೆ ಮಾಡೋದು ಮೇಲು. ಅಪೊಲೊ 17ರಲ್ಲಿ ಸರ್ನನ್ ಅವರ ಸುತ್ತಿಗೆ ತಗಲಿ ರೋವರಿನ (ಅಲ್ಲಿ ಓಡಿಸೋ ಗಾಡಿ) ಹಿಂದಿನ ಒಂದು ಮಡ್‌ಗಾರ್ಡ್ ಮುರೀತು, ಅಷ್ಟೇ, ಚಕ್ರ ಎಬ್ಬಿಸಿದ ಧೂಳೆಲ್ಲ ಇಬ್ಬರ ತಲೆ ಮೇಲೆ ಸುರಿಯಕ್ಕೆ ಶುರು. ಮಾರನೇ ದಿನ ನಾಲ್ಕು ಮ್ಯಾಪ್ ಹಾಳೆಗಳನ್ನ ಟೇಪಲ್ಲಿ ಅಂಟಿಸಿ, ಲ್ಯಾಂಡರ್ ಒಳಗಿನ ದೀಪದ ಕ್ಲ್ಯಾಂಪ್ ಹಾಕಿ ಬಿಗಿದು ಮಡ್‌ಗಾರ್ಡ್ ಮಾಡ್ಕೊಂಡ್ರು, ಅದು ಕೊನೇವರೆಗೂ ನಿಲ್ತು. ಕಾಗದದ ಒಂದು ತುಂಡು ಬ್ರಷ್ಷಿಂದ ಆಗದ ಕೆಲಸ ಮಾಡ್ತು ನೋಡಿ. ನೆಲೆ ಸುತ್ತ ಜನ ದಿನಾ ಓಡಾಡೋ ದಾರಿನ ಗಟ್ಟಿ ಮಾಡಿಬಿಟ್ರೆ ಅರ್ಧ ತಾಪತ್ರಯ ಅಲ್ಲೇ ಮುಗೀತು. ಆ ಮಣ್ಣಲ್ಲಿ ನ್ಯಾನೋ ಗಾತ್ರದ ಕಬ್ಬಿಣ ಇರೋದ್ರಿಂದ ಮೈಕ್ರೋವೇವ್ ಚೆನ್ನಾಗಿ ಹೀರಿಕೊಂಡು ಬಿಸಿಯಾಗಿ ಬೆಸೆದುಕೊಳ್ಳತ್ತೆ ಅಂತ ಲ್ಯಾರಿ ಟೇಲರ್ ಅನ್ನೋ ವಿಜ್ಞಾನಿ ತೋರಿಸಿದ್ರು, ಯುರೋಪಿನವರು ಲೇಸರಲ್ಲಿ ನಕಲಿ ಮಣ್ಣು ಕರಗಿಸಿ ಒಂದಕ್ಕೊಂದು ಕೂಡೋ ಹಾಸುಬಿಲ್ಲೆ ಮಾಡಿದಾರೆ.

ರಾಕೆಟ್ ಇಳಿಯೋ ಜಾಗಕ್ಕಂತೂ ಇದು ಬೇಕೇ ಬೇಕು. ಚಂದ್ರಯಾನ-3 ಇಳಿದಾಗ ಸುಮಾರು 2.06 ಟನ್ ಮಣ್ಣು 108.4 ಚದರ ಮೀಟರಿನಷ್ಟು ಜಾಗಕ್ಕೆ ಎರಚಿತು ಅಂತ ಇಸ್ರೊ ಚಿತ್ರಗಳನ್ನ ಹೋಲಿಸಿ ಲೆಕ್ಕ ಕೊಟ್ಟಿದೆ, ಅದು ಚಿಕ್ಕ ಲ್ಯಾಂಡರ್. ಗಾಳಿಯ ತಡೆ ಇಲ್ಲದ್ದಕ್ಕೆ ಸಣ್ಣ ಕಣ ಗುಂಡಿನ ಥರ ಬಹಳ ದೂರ ಹೋಗತ್ತೆ. ಅಪೊಲೊ 12 ಇಳಿದಾಗ ಇನ್ನೂರು ಮೀಟರ್ ಒಳಗೆ ನಿಂತಿದ್ದ ಸರ್ವೇಯರ್ 3 ಅನ್ನೋ ಹಳೇ ಲ್ಯಾಂಡರಿನ ಮೈಯೆಲ್ಲ ಮರಳು ಹೊಡೆದ ಹಾಗೆ ಗೀರಾಗಿತ್ತು, ಅದರ ತುಂಡು ಕಿತ್ತು ತಂದು ಲ್ಯಾಬಲ್ಲಿ ನೋಡಿದಾರೆ. ಜನ ಇರೋ ಮನೆ, ಹೊರಗೋಡೆಗೆ ತಗಲಿಸಿರೋ ಸೂಟು ಇದರ ದಾರೀಲಿ ಇರಬಾರದು.

ಒತ್ತಡ_ಮಾಪಕ

ರಾತ್ರಿಪಾಳಿಯವರು ಹೇಳಿದ್ದು ನೂರಕ್ಕೆ ನೂರು ಸರಿ, ಆದ್ರೂ ಭೂವಿಜ್ಞಾನದ ಕೆಲಸ ಮಾಡೋರು ದಾರಿ ಬಿಟ್ಟು ಇಳೀಲೇಬೇಕು, ಮಂಡಿ ಊರಿ ಕಲ್ಲು ಅಗೀಲೇಬೇಕು. ಹಾಗಾಗಿ ರಿಪೇರಿ ವಿಷಯ ಮುಗಿಸ್ತೀನಿ.

ಸೂಟ್‌ಲಾಕ್ ಅಂದ್ರೆ ಮನೆಗೂ ಹೊರಗಿಗೂ ನಡುವೆ ಇನ್ನೊಂದು ಕೋಣೆ. ಸೂಟು ತಗಲಿಸೋದು ಆ ಕೋಣೆ ಒಳಗೆ, ಮನೆ ಕಡೆ ಗೋಡೆಗೆ. ದಿನಾ ಬಳಕೇಲಿ ಆ ಕೋಣೆಗೆ ಗಾಳಿ ತುಂಬೋದಿಲ್ಲ, ಬೆನ್ನು ಬಾಗಿಲಿಂದ್ಲೇ ಹೋಗಿ ಬರೋದು, ಸೂಟಿಗೆ ಬಿಸಿಲು ಉಲ್ಕೆ ಯಾವುದೂ ತಾಕಲ್ಲ. ರಿಪೇರಿ ಇದ್ದ ದಿನ ಮಾತ್ರ ಹೊರಬಾಗಿಲು ಮುಚ್ಚಿ, ಗಾಳಿ ತುಂಬಿ, ಮಾಸ್ಕ್ ಹಾಕಿದ ಒಬ್ಬರು ಒಳಗೆ ಹೋಗಿ ಸೀಲು ಬದಲಾಯಿಸ್ತಾರೆ. ಆ ಕೋಣೆ ಒತ್ತಡನ ಮನೆಗಿಂತ ಒಂಚೂರು ಕಮ್ಮಿ ಇಟ್ರೆ ಗಾಳಿ ಯಾವಾಗ್ಲೂ ಮನೆಯಿಂದ ಆ ಕಡೆಗೇ ಹರಿಯತ್ತೆ, ಈ ಕಡೆ ಬರಲ್ಲ. ಶಾಪ್‌ಫ್ಲೋರಿನವರು ಹೇಳಿದ ಕೊಳೆ ಕಡೆ ಶುಚಿ ಕಡೆ ಅನ್ನೋದೇ ಇದು, ಗೋಡೆ ರೂಪದಲ್ಲಿ.

ಆದ್ರೆ ನನ್ನನ್ನ ಕೇಳಿದ್ರೆ ವಿನ್ಯಾಸ ಮಾಡೋರು ಮೊದಲು ಕೂರಬೇಕಾದ್ದು ಗ್ಲವ್ಸ್ ಹಿಡ್ಕೊಂಡು. 2007ರ ಆಗಸ್ಟಲ್ಲಿ ಧೂಳೇ ಇಲ್ಲದ ಬಾಹ್ಯಾಕಾಶ ನಿಲ್ದಾಣದಲ್ಲಿ ಒಬ್ಬ ಗಗನಯಾತ್ರಿಯ ಗ್ಲವ್ಸಿನ ಹೊರಪದರದಲ್ಲಿ ಸಣ್ಣ ಕುಯ್ತ ಕಂಡಿದ್ದಕ್ಕೇ ನಡಿಗೆ ಮೊಟಕು ಮಾಡಿ ಒಳಗೆ ಕರೆಸಿಕೊಂಡ್ರು. ಚಂದ್ರನಲ್ಲಿ ಕಲ್ಲು ಹಿಡಿದು, ಡ್ರಿಲ್ ಹಿಡಿದು ಕೆಲಸ ಮಾಡೋ ಕೈಗೆ ಹೊರಪದರ ಬೇರೆ, ಒತ್ತಡ ಹಿಡಿಯೋ ಒಳಪದರ ಬೇರೆ ಅಂತ ಬಿಡಿಸಿಟ್ಟು, ಹೊರಗಿನದನ್ನ ಗ್ಲವ್ಸ್ ಹಾಕಿದ ಕೈಯಿಂದ್ಲೇ ಅಲ್ಲೇ ನಿಂತು ಕಿತ್ತು ಹೊಸದು ಹಾಕೋ ಹಾಗಿರಬೇಕು. ಬೂಟಿಗೂ ಮೊಣಕಾಲಿಗೂ ಅದೇ ಥರ ಬಿಚ್ಚಿ ಎಸೆಯೋ ಕವರು. ಮಣಿಕಟ್ಟಿನ ಉಂಗುರಕ್ಕೆ ಎರಡು ಸೀಲು, ಹೊರಗಿನದು ಧೂಳು ತಡೆಯಕ್ಕೆ, ಒಳಗಿನದು ಗಾಳಿ ತಡೆಯಕ್ಕೆ. ಪ್ರತಿ ಸಲ ವಾಪಸ್ ಬಂದಾಗ ಸೋರಿಕೆ ಅಳೆದು ಬರೆದಿಡೋದು, ಕಾನ್ರಾಡ್ ಸೂಟಿಗೆ ಮಾಡಿದ ಹಾಗೆ. ಅಂಕಿ ಏರ್ತಾ ಇದ್ರೆ ಮಿತಿ ತಲುಪೋವರೆಗೂ ಕಾಯದೆ ಆ ಸೂಟನ್ನ ಪಕ್ಕಕ್ಕಿಟ್ಟು ಇನ್ನೊಂದು ತಗೊಳ್ಳೋದು, ಅಂದ್ರೆ ಇಬ್ಬರು ಹೊರಗೆ ಹೋಗೋ ನೆಲೇಲಿ ಎರಡೇ ಸೂಟು ಇದ್ರೆ ಸಾಲದು.

ಶಾಪ್‌ಫ್ಲೋರ್_ಸೇಫ್ಟಿ

ಸೂಟ್‌ಲಾಕ್ ನನಗೂ ಸರಿ ಅನ್ನಿಸ್ತು. ಒಂದೇ ಒಂದು ಸೇರಿಸ್ತೀನಿ, ಆ ನಡುಕೋಣೇಲಿ ರಿಪೇರಿ ಮಾಡಿ ಬಂದವರ ಬಟ್ಟೆ, ಮಾಸ್ಕು, ಒರೆಸಿದ ಬಟ್ಟೆ ಎಲ್ಲ ಅಲ್ಲೇ ಒಂದು ಮುಚ್ಚಿದ ಡಬ್ಬಕ್ಕೆ ಹೋಗಬೇಕು, ಆ ಡಬ್ಬ ಹೊರಬಾಗಿಲಿಂದ್ಲೇ ಆಚೆ ಹೋಗಬೇಕು, ಮನೆ ಮೂಲಕ ಅಲ್ಲ. ಮತ್ತೆ ಧೂಳು ಅಳೆಯೋ ಮೀಟರನ್ನ ಆ ಕೋಣೇಲಿ ಒಂದು, ಮಲಗೋ ಕಡೆ ಒಂದು, ಎರಡು ಇಡಿ. ಮಲಗೋ ಕಡೆಯ ಮೀಟರ್ ಏರಿದ್ರೆ ಎಲ್ಲೋ ಗೆರೆ ದಾಟಿದೆ ಅಂತ, ಎಲ್ಲಿ ಅಂತ ಸಿಗೋವರೆಗೂ ಹೊರಗಿನ ಕೆಲಸ ನಿಲ್ಲಿಸಬೇಕು.